ಕರಿಮೀನಿನ ಉಡಿ

ಕೊಳ್ಳಗಡ್ಡಿಯಲ್ಲಿ ನನ್ನನ್ನು ಯಾರೂ ಮೌನಪ್ಪ ಎಂದು ಕರೆಯಲಿಲ್ಲ. ಚೀಟೆಪ್ಪ ಎಂದರು. ಅಪ್ಪ ಅವ್ವ ಇಟ್ಟ ಹೆಸರು ಆಫೀಸಿನ ಹಾಜರಿ ಪುಸ್ತಕದಲ್ಲಿ ಉಳಿಯಿತು, ಅಷ್ಟೇ. ಮೀನುಗಾರಿಕೆ ಇಲಾಖೆಯಲ್ಲಿ ನಾನು ಫೀಲ್ಡ್‌ಮ್ಯಾನ್. ಗಿಲ್ಲೆಸುಗೂರಿನ ನಮ್ಮ ಕೇರಿಯಲ್ಲಿ ಕೂಲಿಯವರ ಮನೆಯಿಂದ ಪಿಯುಸಿ ದಾಟಿದ ಮೊದಲನೆಯವನು ನಾನೇ ಆದ್ದರಿಂದ ತಲೆ ಸ್ವಲ್ಪ ಮೇಲೇ ಇತ್ತು, ಸಿಟ್ಟು ಮೂಗಿನ ತುದಿಯಲ್ಲಿತ್ತು. ಅಂಥವನಿಗೆ ಇಲಾಖೆ ಕೊಟ್ಟ ಕೆಲಸ ಯಾವುದು ಗೊತ್ತೇ? ಹೊಳೆಯ ಮೀನಿನ ಬೆನ್ನಿಗೆ ಚೀಟಿ ಕಟ್ಟುವುದು. ಉಗುರಿನಷ್ಟು ಪ್ಲಾಸ್ಟಿಕ್ ಬಿಲ್ಲೆ, ಅದರ ಮೇಲೊಂದು ನಂಬರು. ಬೆನ್ನಿನ ರೆಕ್ಕೆಯ ಬುಡದಲ್ಲಿ ಅದನ್ನು ಸೂಜಿಯಿಂದ ಪೋಣಿಸಿ ಮೀನನ್ನು ಮತ್ತೆ ಹೊಳೆಗೆ ಬಿಡಬೇಕು. ಮುಂದೆ ಅದು ಯಾರ ಬಲೆಗೆ ಬಿದ್ದರೂ ಬಿಲ್ಲೆ ನನ್ನ ಕೈಗೆ ಬರಬೇಕು. ಮೀನು ಎಷ್ಟು ದೂರ ಹೋಗಿತ್ತು, ಎಷ್ಟು ಬೆಳೆದಿತ್ತು, ಮೊಟ್ಟೆ ಇಟ್ಟಿತ್ತೋ ಇಲ್ಲವೋ, ಎಲ್ಲ ಬರೆದುಕೊಳ್ಳಬೇಕು.

ಹಿಡಿದ ಮೀನನ್ನು ಬಿಡು ಎಂದರೆ ಯಾವ ಅಂಬಿಗ ಬಿಡುತ್ತಾನೆ! ರಾಯಚೂರಿನಿಂದ ದೇವದುರ್ಗಕ್ಕೆ ಬಸ್ಸು, ಅಲ್ಲಿಂದ ಬಾಡಿಗೆ ಸೈಕಲ್ಲು. ಕೃಷ್ಣೆಯ ದಂಡೆಯ ಊರು ಊರು ಸುತ್ತಿದೆ. "ರೊಟ್ಟಿ ಕೂಡ ನಿಮ್ಮ ಚೀಟಿ ಕಲಸ್ಕೊಂಡು ತಿನ್ನೋಣೇನ್ರಿ?" ಎಂದು ನಕ್ಕು ಕಳಿಸಿದರು. ಕೊಳ್ಳಗಡ್ಡಿಯಲ್ಲಿ ಮಾತ್ರ, ಬಲೆಗೆ ಹೊಲಿಗೆ ಹಾಕುತ್ತ ಕೂತಿದ್ದ ಹನುಮಂತ್ರಾಯ ಎಂಬ ಹಿರಿಯ ತಲೆ ಎತ್ತದೆ ಹೇಳಿದ.

"ವರ್ಷಕ್ಕೊಂದು ನಾವು ಬಿಡ್ತೀವಲ್ರಿ. ನಮ್ಮಾಕಿನ್ನ ಕೇಳ್ರಿ."

ಅವನಾಕೆ ದುರುಗಮ್ಮ. ಐವತ್ತರ ಆಸುಪಾಸಿನ ಹೆಂಗಸು. ಹಣೆಯ ತುಂಬ ಕುಂಕುಮ, ಊರಿನ ಈ ತುದಿಯಲ್ಲಿ ಬೈದರೆ ಆ ತುದಿಯಲ್ಲಿ ನಾಯಿ ಎದ್ದು ಕೂರಬೇಕು ಅಂಥ ಗಂಟಲು. ನನ್ನ ಕೈಚೀಲ ಬಿಚ್ಚಿಸಿ, ಬಿಲ್ಲೆಗಳನ್ನೆಲ್ಲ ಅಂಗೈಯಲ್ಲಿ ಹರವಿಕೊಂಡು ನೋಡಿದಳು. "ಕಿವಿಗೆ ಹಾಕ್ಕೊಳ್ಳಾಕೂ ಬರಂಗಿಲ್ಲ, ಮೂಗಿಗೂ ಬರಂಗಿಲ್ಲ. ಇದೆಂಥಾ ಒಡವಿಯೋ ಚೀಟೆಪ್ಪಾ!" ಎಂದಳು. ಆವತ್ತಿಗೆ ನನ್ನ ಹೆಸರು ಹೋಯಿತು. ಅದು ಸಾವಿರದೊಂಬೈನೂರ ಎಂಬತ್ತನೆಯ ಇಸವಿ.

ಅವರ ಪದ್ಧತಿ ಹೀಗೆ. ಮಿರಗದ, ಅಂದರೆ ಮೃಗಶಿರದ ಮಳೆಯಾಗಿ ಹೊಳೆಗೆ ಕೆಂಪು ನೀರು ಇಳಿಯುತ್ತಲೇ ಮೀನುಗಳು ತುಂಬಿದ ಹೊಟ್ಟೆ ಹೊತ್ತು ಪ್ರವಾಹಕ್ಕೆ ಎದುರಾಗಿ ಏರುತ್ತವೆ. ಹೊಸ ನೀರಿನ ಮೊದಲ ಬಲೆಗೆ ಬಿದ್ದ ಬಸುರಿ ಮೀನನ್ನು ಕೊಲ್ಲುವಂತಿಲ್ಲ. ಅವಳು ಗಂಗವ್ವನ ಮಗಳು, ತವರಿಗೆ ಬಂದವಳು. ಬಸುರಿ ಮಗಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ದಂಡೆಯ ಮೇಲೆ ಕಂಬಳಿ ಹಾಸಿ ದುರುಗಮ್ಮ ಕೂರುತ್ತಾಳೆ. ಅವಳ ತೊಡೆಯ ಮೇಲೆ ಹಸಿರು ಕುಬುಸದ ಖಣ ಹಾಸಿ, ಅದರ ಮೇಲೆ ಮೀನನ್ನು ಮಲಗಿಸುತ್ತಾರೆ. ಐವರು ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ಉತ್ತತ್ತಿ, ಬೆಲ್ಲ, ಎಲೆ ಅಡಿಕೆ ಇಟ್ಟು ಉಡಿ ತುಂಬುತ್ತಾರೆ. ಹೊಟ್ಟೆ ಸವರುತ್ತಾರೆ. ಸೋಬಾನೆ ಹಾಡು ಮುಗಿದು ಆರತಿ ಎತ್ತಿದ ಮೇಲೆ ಮಗಳನ್ನು ಹೊಳೆಗೆ ಬಿಡುತ್ತಾರೆ.

ಮೊದಲ ಸಲ ನೋಡಿದಾಗ, ಸುಳ್ಳೇಕೆ ಹೇಳಲಿ, ನನ್ನ ಕಣ್ಣಲ್ಲಿ ನೀರು ಬಂತು. ಕರಿಮೀನು ಎಂದು ಅವರು ಕರೆಯುವ ಜಾತಿ ಅದು. ಮೈಯೆಲ್ಲ ಕಪ್ಪು, ತುಟಿ ದಪ್ಪ, ಹೊಟ್ಟೆ ಮಾತ್ರ ಬೂದು. ಹಾಡಿನ ನಡುವೆ ಅದು ಬಾಯಿ ತೆರೆದು ಮುಚ್ಚುತ್ತಿತ್ತು.

"ನೋಡ್ರವ್ವಾ, ಬಾಯಿ ಬಿಟ್ಟು ಉಡಿ ಕೇಳಾಕತ್ತಾಳ!" ಎಂದು ಹೆಂಗಸರು ಹಿಗ್ಗಿದರು. ಅದರ ತುಟಿಗೆ ಬೆಲ್ಲ ತಾಗಿಸಿದರು. ನೀರಿಗೆ ಬಿಟ್ಟಾಗ ಮೀನು ಒಮ್ಮೆಲೇ ಹೋಗಲಿಲ್ಲ. ಮಗ್ಗುಲಾಗಿ ತೇಲಿತು, ದಂಡೆಗೇ ಬಂದು ತಾಗಿತು, ಬಹಳ ಹೊತ್ತಿನ ಮೇಲೆ ಬಾಲ ಆಡಿಸಿ ಕೆಂಪು ನೀರಿನೊಳಗೆ ಇಳಿಯಿತು.

"ತವರುಮನಿ ಬಿಟ್ಟು ಹೋಗಾಕ ಮನಸಿಲ್ಲ ಆಕಿಗೆ," ಎಂದು ದುರುಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ. ಉಡಿ ತುಂಬುವ ಮೊದಲು ನಾನು ಆ ಮೀನನ್ನು ಹಲಗೆಯ ಮೇಲೆ ಮಲಗಿಸಿ, ಉದ್ದ ಅಳೆದು, ತೂಕ ಹಾಕಿ, ಬಿಲ್ಲೆ ಕಟ್ಟಿ ಕೊಟ್ಟಿದ್ದೆ. ನನಗೆ ಐದು ನಿಮಿಷ, ಅವರಿಗೆ ಅರ್ಧ ತಾಸು. ಅಷ್ಟು ಹೊತ್ತು ಅದು ನೀರಿನ ಹೊರಗೆ ಇತ್ತು ಎಂಬುದು ಆವತ್ತು ನನ್ನ ತಲೆಗೆ ಹೊಳೆಯಲಿಲ್ಲ.

ಇಬ್ಬರು ಹೆಂಗಸರು ನನ್ನ ಕೇರಿ ಯಾವುದೆಂದು ತಿಳಿದುಕೊಂಡು, ಉಡಿಯ ಮೀನನ್ನು ಇವನು ಮುಟ್ಟಬಹುದೇ ಎಂದು ಗೊಣಗಿದ್ದರು. ದುರುಗಮ್ಮ, "ಆ ಮೀನಿಗೇ ಕೇಳ್ರಿ ಹೋಗ್ರಿ, ಕುಲ ಗೊತ್ತದ ಏನು ಅಂತ," ಎಂದು ಅವರ ಬಾಯಿ ಮುಚ್ಚಿಸಿ, ತನ್ನ ಮನೆಯ ತಂಬಿಗೆಯಲ್ಲೇ ನನಗೆ ನೀರು ಕೊಟ್ಟಳು. ಅದನ್ನು ನಾನು ಮರೆಯಲಿಲ್ಲ. ಮುಂದೆ ಬಾಯಿ ತೆರೆಯುವುದು ನನಗೆ ಅಷ್ಟು ಕಷ್ಟವಾದದ್ದಕ್ಕೆ ಆ ಒಂದು ತಂಬಿಗೆ ನೀರೂ ಕಾರಣ.

ಆ ವರ್ಷದ ಮೀನು ಸೆಪ್ಟೆಂಬರಿನಲ್ಲಿ ಎರಡು ಹರದಾರಿ ಕೆಳಗಿನ ಊರಲ್ಲಿ ಮತ್ತೆ ಬಲೆಗೆ ಬಿತ್ತು. ಬಿಲ್ಲೆಯ ಜೊತೆ ಮೀನನ್ನೂ ತರಿಸಿಕೊಂಡು ಕೊಯ್ದು ನೋಡಿದೆ. ಮಳೆಗಾಲದಲ್ಲಿ ಮೊಟ್ಟೆ ಇಟ್ಟ ಮೀನಿನ ಒಡಲು ಆ ಹೊತ್ತಿಗೆ ಖಾಲಿ ಚೀಲದ ಹಾಗೆ ಸಡಿಲಾಗಿರುತ್ತದೆ. ಇದರ ಒಳಗೆ ಮೊಟ್ಟೆ ಹಾಗೇ ಇತ್ತು. ಮುರುಟಿ, ಕಂದಾಗಿ, ಗಟ್ಟಿಯಾಗಿತ್ತು. ಏನೋ ರೋಗ ಅಂದುಕೊಂಡೆ. ಮರುವರ್ಷದ ಉಡಿಯ ಮೀನೂ ಅಕ್ಟೋಬರಿನಲ್ಲಿ ಸಿಕ್ಕಿತು. ಅದರ ಹೊಟ್ಟೆಯಲ್ಲೂ ಅದೇ ಕತೆ. ಆದರೆ ಅದೇ ಮಡುವಿನಲ್ಲಿ ಹಿಡಿದ, ಯಾರೂ ಮುಟ್ಟಿ ಬಿಡದ ಬೇರೆ ಹೆಣ್ಣು ಮೀನುಗಳನ್ನು ಕೊಯ್ದರೆ ಎಲ್ಲದರ ಒಡಲೂ ಖಾಲಿ. ಅವು ಹಡೆದಿದ್ದವು. ನಾವು ಮುಟ್ಟಿ, ಹರಸಿ ಬಿಟ್ಟವು ಮಾತ್ರ ಹಡೆದಿರಲಿಲ್ಲ.

ರಾಯಚೂರಿನ ಆಫೀಸಿನಲ್ಲಿ ನಮ್ಮ ಸಾಹೇಬರು ಬುರ್ಹಾನುದ್ದೀನ್. ಕಾರವಾರದಲ್ಲಿ ಎಂಟು ವರ್ಷ ಸಮುದ್ರದ ನೀರು ಕುಡಿದು ಬಂದವರು. ಇಲಾಖೆಯಲ್ಲಿ ನಾನು ಬೈಯದೆ ಬಿಟ್ಟ ಅಧಿಕಾರಿ ಅವರೊಬ್ಬರೇ. ನಾನು ಹೇಳಿದ್ದನ್ನೆಲ್ಲ ಕೇಳಿ, ಚಹಾದ ಬಸಿ ಕೆಳಗಿಟ್ಟರು.

"ತೊರಕೆ ಮೀನು ನೋಡೀಯೇನು? ಹಂಚಿನಂಗ ಚಪ್ಪಟೆ, ಬಾಲ ಚಾಟಿ ಇದ್ದಂಗ. ಅದು ತತ್ತಿ ಇಡಂಗಿಲ್ಲ ಭಾಯಿ, ಮನಷ್ಯಾರಂಗ ಹೊಟ್ಟ್ಯಾಗ ಮರಿ ಬೆಳಸ್ತದ. ಬಲಿ ಎಳದು ದೋಣ್ಯಾಗ ಕೆಡವಿದ್ವಿ ಅಂದ್ರ, ಅಂಜಿಕಿಗೆ ಮರಿ ಹೊರಗ ಹಾಕಿಬಿಡ್ತದ. ದಿನಾ ತುಂಬಿರಂಗಿಲ್ಲ ಅವಕ್ಕ. ದೋಣಿ ತಳದಾಗ ಒದ್ದಾಡ್ತಾವ, ಸಾಯ್ತಾವ. ನಮ್ಮ ಮಂದಿಗೆ ಪಾಪ ಅನಿಸಿ ತಾಯಿನ್ನ ತಿರುಗಿ ಸಮುದ್ರಕ್ಕ ಬಿಡತಿದ್ರು. ಆಕಿ ಈಜಿಕೋಂತ ಹೋಗಾಕಿ. ಎಲ್ಲಾರ್ಗೂ ಖುಷಿ, ಜೀವ ಉಳೀತು ಅಂತ. ಬಸುರು ಹೋದದ್ದು ಯಾರ ಲೆಕ್ಕಕ್ಕೂ ಇಲ್ಲ."

"ನಮ್ದು ಹೊಳಿ ಮೀನಲ್ರಿ ಸಾಹೇಬ್ರ. ಇದು ತತ್ತಿ ಇಡೋದು."

"ಅಂಜಿಕಿ ಎರಡಕ್ಕೂ ಒಂದೇ ಅಲ್ಲೇನು? ಒಂದು ಹೊರಗ ಚೆಲ್ತದ, ಇನ್ನೊಂದು ಒಳಗ ಒಣಗಸ್ತದ. ಆದ್ರ ಎರಡು ಮೀನಿನ ಮ್ಯಾಲೆ ಏನೂ ಖಾತ್ರಿ ಹೇಳಾಕ ಬರಂಗಿಲ್ಲ ಮೌನಪ್ಪಾ. ಇನ್ನೊಂದು ನೋಡು."

ಇನ್ನೊಂದು ನೋಡು! ಇನ್ನೊಂದು ಕೆಡಲಿ, ಆಮೇಲೆ ಖಾತ್ರಿ ಮಾಡಿಕೊಳ್ಳೋಣ ಎಂದಂತೆ ಕೇಳಿಸಿತು ನನಗೆ. ಅವರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಹಲಗೆಯ ಮೇಲೆ ಮಲಗಿಸಿ ಅಳತೆ ತೆಗೆದವನು ನಾನೇ ತಾನೆ?

ಎಂಬತ್ತೆರಡರ ಜೂನ್ ಬಂತು. ಮಿರಗದ ಮೊದಲ ಮಳೆ ಬಿದ್ದ ಮರುದಿನವೇ ಕೊಳ್ಳಗಡ್ಡಿಗೆ ಹೋದೆ. ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಸೈಕಲ್ಲಿನ ಮೇಲೆ ಮಾತು ಜೋಡಿಸಿಕೊಂಡಿದ್ದೆ. ಅಂಗಳದಲ್ಲಿ ದುರುಗಮ್ಮನ ಮಗಳು ಅಯ್ಯಮ್ಮ ಕೂತಿದ್ದಳು. ಇಪ್ಪತ್ತೊಂದರ ಹುಡುಗಿ, ಮಾನ್ವಿಗೆ ಕೊಟ್ಟಿದ್ದರು. ಎರಡು ಸಲ ಬಸುರು ನಿಂತಿತ್ತು, ಎರಡೂ ಸಲ ಹೋಗಿತ್ತು. ಈಗ ಮೂರನೆಯದು, ಐದು ತಿಂಗಳು. ಸೀಮಂತದ ಕುಬುಸ ಮಾಡಿಸಿಕೊಳ್ಳಲು ತವರಿಗೆ ಬಂದಿದ್ದಳು. ಮುಖ ಸಣ್ಣದಾಗಿತ್ತು. ಕೂತಲ್ಲಿಂದ ಏಳುವಾಗ ಒಂದು ಕೈ ತಾನಾಗಿಯೇ ಹೊಟ್ಟೆಯ ಕೆಳಗೆ ಹೋಗುತ್ತಿತ್ತು, ಬಿದ್ದೀತು ಎಂದು ಹಿಡಿದುಕೊಂಡ ಹಾಗೆ.

ದುರುಗಮ್ಮ ಒಂದು ಹಸಿರು ಖಣವನ್ನು ನಡುವೆ ಕತ್ತರಿಸುತ್ತಿದ್ದಳು. "ಈ ಸಲ ಗಂಗವ್ವಗ ಬೇಡಿಕೊಂಡೀನಿ," ಎಂದಳು. "ಅರ್ಧ ಖಣ ಆಕಿ ಮಗಳಿಗೆ, ಅರ್ಧ ನನ್ನ ಮಗಳಿಗೆ. ಆಕಿ ಹಡದ್ರ ಈಕಿನೂ ಹಡೀತಾಳ. ಈಕಿ ಹುಟ್ಟಿದ್ದೂ ಹಂಗೇ. ನಮ್ಮತ್ತಿ ಸತ್ತ ವರ್ಷ ನಾ ಮೊದಲನೇ ಸಲ ಮೀನನ್ನ ತೊಡಿಮ್ಯಾಲೆ ಇಟ್ಕೊಂಡೆ. ಮುಂದಿನ ಮಿರಗಕ್ಕ ಈಕಿ ತೊಡಿಮ್ಯಾಗ ಇದ್ಲು."

ನಾನು ಅವಳನ್ನು ಹೊಳೆಯ ಕಡೆಗೆ ಕರೆದುಕೊಂಡು ಹೋದೆ. ಹರಿಗೋಲುಗಳನ್ನು ಬೋರಲು ಹಾಕಿದ್ದ ಜಾಗದಲ್ಲಿ ನಿಂತೆವು.

"ಯವ್ವಾ, ಒಂದು ಮಾತು ಹೇಳ್ತೀನಿ. ಸಿಟ್ಟಾಗಬ್ಯಾಡ್ರಿ."

"ಸಿಟ್ಟಿನ ಗಿರಾಕಿ ನೀನು. ನನಗ್ಯಾಕ ಬರ್ತದ? ಹೇಳು."

"ಮೀನು ಬಾಯಿ ಬಿಡೋದು ಉಡಿ ಕೇಳಾಕಲ್ರಿ. ಉಸಿರು ಸಿಗಲಾರದಕ್ಕ. ನೀರಿಗೆ ಬಿಟ್ಟ ಮ್ಯಾಲೆ ದಂಡಿಗೆ ಬರೋದು ತವರಿನ ಮ್ಯಾಲಿನ ಆಸಿಗಲ್ರಿ. ಈಜಾಕ ತ್ರಾಣ ಇರಂಗಿಲ್ಲ ಅದಕ್ಕ. ಹ್ವಾದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಎರಡೂ ಹಡದಿಲ್ಲ. ತತ್ತಿ ಹೊಟ್ಟ್ಯಾಗೇ ಒಣಗಿದ್ವು. ನಾನೇ ಕೊಯ್ದು ನೋಡೀನಿ."

ದುರುಗಮ್ಮನ ಮುಖ ಕಲ್ಲಾಯಿತು. ಅವಳು ಬೈಯುತ್ತಾಳೆ ಎಂದು ಕಾದೆ. ಬಂದದ್ದು ಸಣ್ಣ ದನಿ.

"ಇಪ್ಪತ್ತೆರಡು ಬಿಟ್ಟೀನಿ ಈ ಕೈಲೆ. ನಿನಗ ಎರಡು ವರ್ಷದಾಗ ತಿಳೀತು?"

"ನನ್ನ ಚೀಟಿದೂ ತಪ್ಪದ ರೀ ಯವ್ವಾ. ನಿಮ್ಮದೊಂದೇ ಅನ್ನಾಕತ್ತಿಲ್ಲ. ಈ ಸಲ ಎತ್ತಬ್ಯಾಡ್ರಿ. ನೀರಾಗೇ ಉಡಿ ತುಂಬಿ, ನೀರಾಗೇ ಬಿಟ್ಟುಬಿಡ್ರಿ."

ಆಗ ಗಂಟಲು ಏರಿತು. "ಎರಡು ಹೋಗ್ಯಾವ ನನ್ನ ಮಗಳಿಗೆ! ಪದ್ಧತಿ ಬಿಟ್ಟು ಮೂರನೇದೂ ಹೋತಂದ್ರ ನೀ ಬಂದು ಹಡೀತೀ ಏನಲೇ ಮೂಳಾ? ಕಿತಾಬು ಓದಿ ಬಂದಾನ ಇಲ್ಲಿ, ಬಸುರಿ ಬಾಣಂತಿ ಬಗ್ಗಿ ಹೇಳಾಕ! ಆಕಿ ಮುಂದ ಈ ಮಾತು ಎತ್ತಿದಿ ಅಂದ್ರ ನಿನ್ನ ಚೀಲ, ನಿನ್ನ ಸೈಕಲ್ಲು, ನಿನ್ನ ಎಲ್ಲಾ ಹೊಳಿಗೆ ಹಾಕಿಬಿಡ್ತೀನಿ, ಹುಷಾರ್!"

ನಾನೂ ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಕೊನೆಗೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟವಳು ತಿರುಗಿ ನಿಂತಳು.

"ನಾಳಿ ಬಾ. ನಿನ್ನ ಚೀಟಿ ಕಟ್ಟು. ಹಡೀತಾಳ ಆಕಿ. ಹಡದ್ಲು ಅಂತ ನೀನೇ ಬಂದು ನನ್ನ ಮಗಳಿಗೆ ಹೇಳ್ಬೇಕು, ಹೇಳಸ್ತೀನಿ ನೋಡು."

ಮರುದಿನ ಬೆಳಿಗ್ಗೆ ಹನುಮಂತ್ರಾಯನ ಬಲೆಗೆ ಬಿದ್ದ ಮೀನಿನಂಥದನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೂ ನೋಡಲಿಲ್ಲ. ಒಂದೂವರೆ ಮೊಳದ ಕರಿಮೀನು. ಹೊಟ್ಟೆ ಎರಡು ಪಕ್ಕಕ್ಕೂ ಉಬ್ಬಿ, ಚರ್ಮ ಬಿಗಿದು ಮಿನುಗುತ್ತಿತ್ತು. ಲಕ್ಷಗಟ್ಟಲೆ ಮೊಟ್ಟೆ ಇದ್ದಾವು ಅದರಲ್ಲಿ. ಮೇಲುಗಡೆ ಅಣೆಕಟ್ಟಿನ ಕೆಲಸ ನಡೆದಾಗಿನಿಂದ ಹೊಳೆಯಲ್ಲಿ ಅಷ್ಟು ದೊಡ್ಡವು ಅಪರೂಪವಾಗಿದ್ದವು. ಊರೇ ದಂಡೆಗೆ ಬಂತು. ನಾನು ಹಲಗೆ ತೆಗೆಯಲಿಲ್ಲ. ಎದೆಮಟ್ಟದ ನೀರಿಗಿಳಿದು, ಮೀನನ್ನು ಬಲೆಯಲ್ಲೇ, ನೀರಿನೊಳಗೇ ಹಿಡಿದುಕೊಂಡು, ಅಳತೆ ಗಿಳತೆ ಬಿಟ್ಟು ಬಿಲ್ಲೆಯೊಂದನ್ನೇ ಪೋಣಿಸಿದೆ. ಅರವತ್ಮೂರನೆಯ ನಂಬರು. ಅದರ ಎದೆ ನನ್ನ ಅಂಗೈಯಲ್ಲಿ ಬಡಿದುಕೊಳ್ಳುತ್ತಿತ್ತು.

ದುರುಗಮ್ಮ ನನ್ನನ್ನು ನೋಡಲೇ ಇಲ್ಲ. ಕಂಬಳಿಯ ಮೇಲೆ ಕೂತು ತೊಡೆಯ ಮೇಲೆ ಅರ್ಧ ಖಣ ಹಾಸಿದಳು. ಇನ್ನರ್ಧ ಪಕ್ಕದಲ್ಲಿ ಕೂತ ಅಯ್ಯಮ್ಮನ ಮಡಿಲಲ್ಲಿತ್ತು. ಮೀನನ್ನು ಎತ್ತಿ ತಂದು ಮಲಗಿಸಿದರು. ಮೊದಲ ಮುತ್ತೈದೆ ಅರಿಶಿನ ಹಚ್ಚಿದಳು. ಹಾಡು ಶುರುವಾಯಿತು. ಮೀನು ಬಾಯಿ ತೆರೆಯಿತು.

"ಯವ್ವಾ, ಕೇಳಾಕತ್ತಾಳ ನೋಡಬೇ," ಎಂದು ಅಯ್ಯಮ್ಮ ನಕ್ಕಳು. ಆ ಹುಡುಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಹಲ್ಲು ಕಚ್ಚಿ ಮುಖ ತಿರುಗಿಸಿದೆ.

ಎರಡನೆಯ ಮುತ್ತೈದೆ ಹೊಟ್ಟೆ ಸವರಿ ಹಿಂದೆ ಸರಿದಿದ್ದಳಷ್ಟೆ. ದುರುಗಮ್ಮ ಥಟ್ಟನೆ ಖಣದ ಎರಡೂ ಅಂಚು ಮೇಲಕ್ಕೆತ್ತಿ, ಮೀನಿನ ಹೊಟ್ಟೆಗೆ ಬಿಗಿಯಾಗಿ ಸುತ್ತಿ ಎದೆಗೊತ್ತಿಕೊಂಡು ಎದ್ದು ನಿಂತಳು. ಅಕ್ಕಿ, ಉತ್ತತ್ತಿ ಎಲ್ಲ ಕಂಬಳಿಯ ಮೇಲೆ ಚೆಲ್ಲಿದವು.

"ಇನ್ನಾ ಮೂರು ಮಂದಿ ಇದ್ದೀವಲ್ಲಬೇ ದುರುಗವ್ವಾ! ಆರತಿ ಆಗಿಲ್ಲ!" ಎಂದು ಉಳಿದ ಮುತ್ತೈದೆಯರು ಹಾಡು ನಿಲ್ಲಿಸಿ ಕೂಗಿದರು.

"ಆತು. ಹೊತ್ತಾತು ಆಕಿಗೆ," ಎಂದವಳು ಸರಸರ ನೀರಿಗಿಳಿದಳು. ಮೊಣಕಾಲು, ಸೊಂಟ, ಎದೆ. ನಮಗೆ ಬೆನ್ನು ಹಾಕಿ ಬಹಳ ಹೊತ್ತು ನಿಂತಳು. ತೋಳುಗಳು ನೀರಿನೊಳಗಿದ್ದವು. ಮೀನು ಯಾವಾಗ ಹೋಯಿತೋ ಯಾರಿಗೂ ಕಾಣಲಿಲ್ಲ. ತಿರುಗಿ ಬಂದಾಗ ಅವಳ ಕೈ ಖಾಲಿ ಇತ್ತು.

"ಖಣ ಎಲ್ಲವ್ವಾ?" ಅಯ್ಯಮ್ಮ ಕೇಳಿದಳು.

"ಗಂಗವ್ವ ಇಟ್ಕೊಂಡ್ಳು. ಪೂರಾ ಒಪ್ಪಿಗ್ಯಾದಂಗ ನಿನ್ನ ಹರಕಿ."

ಅಯ್ಯಮ್ಮ ತನ್ನ ಅರ್ಧ ಖಣವನ್ನು ಕಣ್ಣಿಗೊತ್ತಿಕೊಂಡಳು. ನಾನು ಒಳಗೊಳಗೇ ಬೀಗಿದೆ. ಮುದುಕಿ ಬಾಯಲ್ಲಿ ಬೈದರೂ ನನ್ನ ಮಾತು ಕೇಳಿದಳಲ್ಲ, ಅರ್ಧಕ್ಕೇ ಎದ್ದು ಬಿಟ್ಟಳಲ್ಲ, ಈ ಮೀನು ಹಡೆಯುತ್ತದೆ ಬಿಡು ಎಂದುಕೊಂಡೆ. ಎಂಥ ದಡ್ಡ ನಾನು! ಹೊರಡುವಾಗ ಅಯ್ಯಮ್ಮ ಸೈಕಲ್ಲಿನ ತನಕ ಬಂದಳು.

"ಅಣ್ಣಾ, ಚೀಟಿ ಸಿಕ್ರ ನನಗ ಹೇಳ್ರಿ. ಹಡದ್ಲೋ ಇಲ್ಲೋ ನನಗ ಗೊತ್ತಾಗಬೇಕು. ಅಲ್ಲಿಮಟ ನನಗ ನಿದ್ದಿ ಹತ್ತಂಗಿಲ್ಲ."

ಹೇಳುತ್ತೇನೆ ಎಂದೆ.

ನಾಲ್ಕು ತಿಂಗಳು ನನಗೂ ಅದೇ ಧ್ಯಾನ. ರಾಯಚೂರಿನ ಮೀನು ಮಾರ್ಕೆಟ್ಟಿನಲ್ಲಿ ಸತ್ತಾರ್ ಸಾಬ್ ಎಂಬ ವ್ಯಾಪಾರಿಗೆ ದೇವದುರ್ಗದ ಕಡೆಯಿಂದ ಬಸ್ಸಿನ ಮೇಲೆ ಮೀನಿನ ಬುಟ್ಟಿಗಳು ಬರುತ್ತಿದ್ದವು. ಬಿಲ್ಲೆ ಕಂಡರೆ ತೆಗೆದಿಡಿ ಎಂದು ಹೇಳಿಟ್ಟಿದ್ದೆ. ಅಕ್ಟೋಬರಿನ ಎರಡನೆಯ ವಾರ, ಬೆಳಿಗ್ಗೆ ಹೋದಾಗ ಅವನು ದೂರದಿಂದಲೇ ಕೈ ಎತ್ತಿದ.

"ಆವೋ ಮೌನಪ್ಪ ಸಾಬ್! ನಿಮ್ಮ ನಂಬರ್ ಬಂದದ ನೋಡ್ರಿ. ಎಂಥಾ ಮಾಲು ಅಂತೀರಿ!"

ಅರವತ್ಮೂರು. ಬಿಲ್ಲೆಯ ಅಂಚಿಗೆ ಪಾಚಿ ಹಿಡಿದಿತ್ತು. ನಾನು ಮೀನಿನ ಹೊಟ್ಟೆ ಮುಟ್ಟಿದೆ, ಮುಟ್ಟುತ್ತಲೇ ತಿಳಿಯಿತು. ಆದರೂ ಕೊಯ್ಯಿರಿ ಎಂದೆ. ಸತ್ತಾರ್ ಸಾಬ್ ಈಳಿಗೆಯ ಮೇಲೆ ಒಂದೇ ಎಳೆತಕ್ಕೆ ಸೀಳಿದ. ಒಳಗೆ ಕಂದು ಹಿಡಿದ ಎರಡು ಗಟ್ಟಿ ಉಂಡೆ. ಒಣಗಿದ ನವಣೆಯ ಹಾಗೆ ಉದುರುವ ಮೊಟ್ಟೆ.

"ಛೇ, ಪೂರಾ ಖರಾಬ್," ಎಂದು ಅವನು ಅದನ್ನು ಬೆಕ್ಕಿಗೆ ಎಸೆದ. ಬೆಕ್ಕು ಮೂಸಿ ನೋಡಿ ಬಿಟ್ಟು ಹೋಯಿತು. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಮೂರು ದಿನ ಆ ಬಿಲ್ಲೆಯನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಬುರ್ಹಾನುದ್ದೀನ್ ಸಾಹೇಬರಿಗೂ ತೋರಿಸಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಆಫೀಸಿನ ಬಾಗಿಲಲ್ಲಿ ಹನುಮಂತ್ರಾಯ ನಿಂತಿದ್ದ. ಬಲೆಯಿಲ್ಲದ ಅವನ ಕೈಗಳು ಏನು ಮಾಡಬೇಕೆಂದು ತಿಳಿಯದೆ ಪಟಕಾದ ತುದಿ ಹೊಸೆಯುತ್ತಿದ್ದವು.

"ಮಗಳನ್ನ ದವಾಖಾನಿಗೆ ತಂದೀವ್ರಿ. ನಿನ್ನಿಯಿಂದ ಬ್ಯಾನಿ ಬರ್ತಾವ, ನಿಲ್ತಾವ. ಡಾಕ್ಟರಮ್ಮ ಧೈರ್ಯ ಮಾಡವಾ ಅಂತಾರ. ಮಗಳು ನಿಮ್ಮನ್ನ ಕೇಳಾಕತ್ತಾಳ. ನಿಮ್ಮನ್ನಂದ್ರ... ಚೀಟಿನ್ನ."

ಹೆರಿಗೆ ವಾರ್ಡಿನೊಳಗೆ ಗಂಡಸರನ್ನು ಬಿಡುತ್ತಿರಲಿಲ್ಲ. ವರಾಂಡದ ಕಡೆಯ ಕಿಟಕಿಯ ಬಳಿ ಮಂಚ. ಅಯ್ಯಮ್ಮ ಬೆವರಿನಲ್ಲಿ ತೊಯ್ದು ಸರಳು ಹಿಡಿದುಕೊಂಡಿದ್ದಳು. ತಲೆಯ ಹತ್ತಿರ ದುರುಗಮ್ಮ. ನನ್ನನ್ನು ಕಂಡು ಅವಳು ಎದ್ದು ನಿಂತಳು. ಅವಳ ಕಣ್ಣಲ್ಲಿ ಇದ್ದದ್ದು ಭಯ. ಆ ಹೆಂಗಸು ಯಾವುದಕ್ಕೂ ಅಂಜಿದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

"ಅಣ್ಣಾ," ಅಯ್ಯಮ್ಮನ ತುಟಿ ಒಣಗಿತ್ತು. "ಸಿಕ್ತೇನ್ರಿ?"

ಕಿಸೆಗೆ ಕೈ ಹಾಕಿದೆ. ಸಿಕ್ಕಿಲ್ಲ ಎಂದುಬಿಡಬಹುದಿತ್ತು. ಆದರೆ ಸಿಕ್ಕಿಲ್ಲ ಎಂಬ ಮಾತು ಅವಳಿಗೆ ಸಾಲದು ಎಂಬುದು ಅವಳ ಮುಖದಲ್ಲೇ ಬರೆದಿತ್ತು. ಸರಳಿನ ನಡುವೆ ಕೈ ತೂರಿಸಿ ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟೆ.

"ಸಿಕ್ತವಾ. ಹಡದಾಳ. ನಾನೇ ಕಣ್ಣಾರೆ ನೋಡೀನಿ. ಹೊಟ್ಟಿ ಪೂರಾ ಖಾಲಿ ಆಗಿತ್ತು. ಲಕ್ಷ ಮರಿ ಹೊಳಿ ತುಂಬ ತಿರುಗಾಡಾಕತ್ತಾವ."

ನಾನು ದುರುಗಮ್ಮನ ಕಡೆಗೆ ನೋಡಲಿಲ್ಲ. ಅಯ್ಯಮ್ಮ ಬಿಲ್ಲೆಯ ಮೇಲೆ ಮುಷ್ಟಿ ಬಿಗಿದಳು. ಆಮೇಲೆ ನರ್ಸಮ್ಮ ಬಂದು ನನ್ನನ್ನು ಅಟ್ಟಿದಳು.

ಹೊತ್ತು ಇಳಿಯುವ ಮುಂಚೆ ಹೆಣ್ಣು ಮಗು ಹುಟ್ಟಿತು. ಎರಡೂ ಜೀವ ಸುಖವಾಗಿದ್ದವು. ಹನುಮಂತ್ರಾಯ ಬೇವಿನ ಮರದ ಬುಡದಲ್ಲಿ ಕೂತು ಚಿಕ್ಕ ಮಗುವಿನ ಹಾಗೆ ಅತ್ತ. ಅವನು ಸಕ್ಕರೆ ತರಲು ಹೋದ ಮೇಲೆ ದುರುಗಮ್ಮ ಬಂದು ನನ್ನ ಪಕ್ಕದಲ್ಲಿ ಕೂತಳು.

"ಚಲೋ ಹೇಳಿದಿ ತಮ್ಮಾ," ಎಂದಳು.

"ಏನ್ರಿ ಯವ್ವಾ?"

"ಸುಳ್ಳು."

ನಾನು ಥಟ್ಟನೆ ಅವಳ ಕಡೆಗೆ ತಿರುಗಿದೆ.

"ನೀ ಕೊಯ್ದು ನೋಡೋದ್ಯಾಕ ಬೇಕಿತ್ತು? ಆವತ್ತ ನನ್ನ ತೊಡಿ ಮ್ಯಾಲೇ ಹರೀತು. ಆ ಹೆಣ್ಮಗಳು ಹೊಟ್ಟಿ ಸವರಿದ ಕೂಡ್ಲೆ ಖಣದ ಮ್ಯಾಲೆ ತತ್ತಿ ಜಾರಿ ಜಾರಿ ಬಂದ್ವು. ನನ್ನ ಮಗಳು ಪಕ್ಕದಾಗ ಕುಂತು ನಗಾಕತ್ತಾಳ. ಆಕಿ ನೋಡಿದ್ರ? ಅದಕ್ಕ ಖಣಾ ಸುತ್ತಿ ಎದ್ದೆ. ನೀರಾಗ ನಿಂತು ತೊಳದೆ. ತತ್ತಿ ಅಂಟಿದ ಖಣಾ ಹೆಂಗ ತರ್ಲಿ? ಅಲ್ಲೇ ಬಿಟ್ಟು ಬಂದೆ."

"ನಾ ತಿಳ್ಕೊಂಡಿದ್ದೆ ನೀವು ನನ್ನ ಮಾತು ಕೇಳಿ..."

"ನಿನ್ನ ಮಾತು ಕೇಳಿದ್ರ ಆಕಿನ್ನ ಎತ್ತತಿದ್ದೆ ಏನೋ ಹುಚ್ಚಪ್ಪಾ?" ಎಂದಳು. ಬೈಗುಳದಲ್ಲಿ ಖಾರವೇ ಇರಲಿಲ್ಲ. ಆಮೇಲೆ ತನ್ನ ಎರಡೂ ಅಂಗೈ ತೊಡೆಯ ಮೇಲೆ ತೆರೆದಿಟ್ಟುಕೊಂಡು ಅವನ್ನೇ ನೋಡುತ್ತ ಹೇಳಿದಳು. "ಹಿಂದೂ ಬಂದಿದ್ವು. ವರ್ಷಾ ಒಂದೀಟು ನನ್ನ ಸೀರಿಗೆ ಅಂಟತಿದ್ವು. ಗಂಗವ್ವ ನನ್ನ ಉಡಿಗೆ ಪ್ರಸಾದ ಹಾಕ್ಯಾಳ ಅಂತ ಹಣಿಗೆ ಹಚ್ಕೊತಿದ್ದೆ. ಓಣ್ಯಾಗ ಬಂಜಿ ಇದ್ದವರಿಗೆ ಕೊಡತಿದ್ದೆ. ನೀ ಹೇಳಿದ್ದು ಕಿವ್ಯಾಗಿತ್ತು ನೋಡು, ಈ ಸಲ ತಿಳೀತು ಅವು ಏನಂತ."

ನಾನೂ ಆ ಅಂಗೈಗಳನ್ನೇ ನೋಡಿದೆ.

"ಇಪ್ಪತ್ಮೂರು ಆದ್ವು ತಮ್ಮಾ. ಇಪ್ಪತ್ಮೂರೂ ಹಂಗೇ ಆದ್ವೇನು?"

ಆ ದಿನ ಒಂದು ಸುಳ್ಳು ಹೇಳಿ ಬಾಯಿಗೆ ರೂಢಿಯಾಗಿತ್ತು. ಇನ್ನೊಂದು ನಾಲಿಗೆಯ ತುದಿಗೇ ಬಂತು. ಆದರೆ ಈ ಹೆಂಗಸು ತನ್ನ ತಂಬಿಗೆಯಲ್ಲಿ ನನಗೆ ನೀರು ಕೊಟ್ಟವಳು.

"ಮೂರು ನಾ ನೋಡೀನ್ರಿ ಯವ್ವಾ. ಮೂರೂ ಹಡದಿಲ್ಲ. ಉಳದದ್ದು ನನಗ ಗೊತ್ತಿಲ್ಲ."

ಅವಳು ತಲೆಯಾಡಿಸಿದಳು. ಒಳಗಿನಿಂದ ಮಗುವಿನ ಅಳು ಕೇಳಿಸಿತು. ಎದ್ದು ಸೆರಗಿನಿಂದ ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು, ಆಮೇಲೆ ಮೊಮ್ಮಗಳನ್ನು ಎತ್ತಿಕೊಳ್ಳಲು ಹೋದಳು.

ಮುಂದಿನ ಮಿರಗಕ್ಕೆ ಬುರ್ಹಾನುದ್ದೀನ್ ಸಾಹೇಬರನ್ನು ಒಪ್ಪಿಸಿ, ಮೊಟ್ಟೆ ಇಡುವ ತಿಂಗಳುಗಳಲ್ಲಿ ಚೀಟಿ ಕಟ್ಟುವುದನ್ನು ನಿಲ್ಲಿಸಿದ್ದೆ. ಆದರೂ ಕೊಳ್ಳಗಡ್ಡಿಗೆ ಹೋದೆ. ಕೆಂಪು ನೀರು ಬಂದಿತ್ತು. ಹರಿಗೋಲುಗಳೆಲ್ಲ ಬೋರಲಾಗಿಯೇ ಇದ್ದವು. ಹನುಮಂತ್ರಾಯ ಬಲೆ ಮಡಿಚಿಟ್ಟು ಅದರ ಮೇಲೆ ಕೂತಿದ್ದ. "ಎಂಟು ದಿನ ಬಲಿ ಇಲ್ರಿ ನಮ್ಮೂರಾಗ. ಮನಿಯಾಕಿ ಹೇಳ್ಯಾಳ," ಎಂದ. ದಂಡೆಯ ಮೇಲೆ ಮುತ್ತೈದೆಯರು ಇದ್ದರು, ಅಯ್ಯಮ್ಮ ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ನಿಂತಿದ್ದಳು. ಅಯ್ಯಮ್ಮನ ಕೊರಳ ದಾರದಲ್ಲಿ ಅರವತ್ಮೂರರ ಬಿಲ್ಲೆ ಇತ್ತು. ಅವಳಿಗೆ ನಿಜ ಯಾರೂ ಹೇಳಿರಲಿಲ್ಲ, ಇಂದಿಗೂ ಹೇಳಿಲ್ಲ.

ಕಂಬಳಿಯ ಮೇಲೆ ಹಸಿರು ಖಣದ ಸಣ್ಣ ಸಣ್ಣ ಗಂಟುಗಳು ಇದ್ದವು. ಒಂದೊಂದರಲ್ಲೂ ಹಿಡಿ ಅಕ್ಕಿ, ಉತ್ತತ್ತಿ, ಬೆಲ್ಲ, ಎಲೆ ಅಡಿಕೆ.

"ಮೀನೇ ಹಿಡೀಲಿಲ್ಲ, ಇಷ್ಟೊಂದು ಉಡಿ ಯಾರಿಗೆ ಕಟ್ಯಾಳ್ರಿ ನಮ್ಮವ್ವ?" ಎಂದು ಅಯ್ಯಮ್ಮ ನನ್ನನ್ನು ಕೇಳಿದಳು.

ನಾನು ಎಣಿಸಿದೆ. ಇಪ್ಪತ್ಮೂರಿದ್ದವು.

ದುರುಗಮ್ಮ ಎದೆಮಟ್ಟದ ನೀರಿನಲ್ಲಿ ನಿಂತಿದ್ದಳು. ಒಬ್ಬೊಬ್ಬ ಮುತ್ತೈದೆ ಒಂದೊಂದು ಗಂಟು ಕೈಗೆ ಕೊಟ್ಟ ಹಾಗೆ ಅದನ್ನು ಹಣೆಗೊತ್ತಿಕೊಂಡು, ಬಿಚ್ಚಿ ನೀರಿನಲ್ಲಿ ಬಿಡುತ್ತಿದ್ದಳು. ಪ್ರತಿ ಸಲವೂ ಅವಳ ತುಟಿ ಅಲುಗುತ್ತಿತ್ತು. ಹಾಡಿನ ಗದ್ದಲದಲ್ಲಿ ಅವಳು ಏನನ್ನುತ್ತಿದ್ದಾಳೆ ಎಂದು ದಂಡೆಯಲ್ಲಿದ್ದವರಿಗೆ ಕೇಳಿಸುತ್ತಿರಲಿಲ್ಲ. ನಾನು ಚಪ್ಪಲಿ ಬಿಟ್ಟು ನೀರಿಗಿಳಿದು, ಹತ್ತಿರ ಹೋಗಿ ಗಂಟುಗಳನ್ನು ದಾಟಿಸತೊಡಗಿದೆ. ಆಗ ಕೇಳಿಸಿತು.

"ತಪ್ಪಾತು ಮಗಳಾ," ಎನ್ನುತ್ತಿದ್ದಳು. ಇಪ್ಪತ್ಮೂರು ಸಲ ಅದನ್ನೇ ಎಂದಳು.